ಚಾವಣಿಯ ಭಾರ

ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸಂಘಮಿತ್ರಾಳ ಕಚೇರಿ ಇತ್ತು. ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವುದು, ಪಾಯ ಹಾಕುವಾಗ ಹತ್ತಿರ ನಿಂತು ನೋಡುವುದು ಅವಳ ಕೆಲಸ. ಎಂಜಿನಿಯರಿಂಗ್ ಓದಿದ ಮೇಲೆ ಕೆಲವು ವರ್ಷ ಹಳೆಯ ಕಲ್ಲು ಕಟ್ಟಡಗಳನ್ನು ದುರಸ್ತಿ ಮಾಡುವ ತಂಡವೊಂದರಲ್ಲಿ ಊರೂರು ತಿರುಗಿದ್ದಳು. ಸ್ವಂತ ಊರು ಬಿಲ್ಲಗುಂಡಿ. ಸೊರಬ ತಾಲ್ಲೂಕಿನ ಜಡೆಯಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಹಳ್ಳಿ.

ಬಿಸಿಲು ಏರತೊಡಗಿದ್ದ ಒಂದು ಬೆಳಿಗ್ಗೆ ಬಿಲ್ಲಗುಂಡಿಯ ಬಂಗಾರಪ್ಪ ಮೇಷ್ಟ್ರು ಮೆಟ್ಟಿಲು ಹತ್ತಿ ಕಚೇರಿಗೆ ಬಂದರು. ಅವಳಿಗೆ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸಿದವರು. ನಿವೃತ್ತರಾದ ಮೇಲೆ ಊರಿನ ಕಲ್ಲೇಶ್ವರ ಗುಡಿಯ ಸಮಿತಿಗೆ ಅಧ್ಯಕ್ಷರಾಗಿದ್ದರು. ಜೊತೆಗೆ ಶಿಕಾರಿಪುರದ ಕಂಟ್ರಾಕ್ಟರ್ ಮಾಲತೇಶ್ ಇದ್ದ. ಅವಳು ನಕ್ಷೆ ಬರೆದ ಹಲವು ಮನೆಗಳನ್ನು ಅವನೇ ಕಟ್ಟಿದ್ದ.

"ಗುಡಿ ಕೆಡವಿ ಹೊಸದು ಕಟ್ಟೋದು ಅಂತ ಆಗಿದೆ ಕಣಮ್ಮ," ಎಂದರು ಮೇಷ್ಟ್ರು. "ಹೋದ ಮಳೆಗಾಲದಲ್ಲಿ ಒಳಗಿನ ತೊಲೆಯ ಚಕ್ಕೆ ಕಿತ್ತು ಪೂಜಾರಿ ಭುಜದ ಮೇಲೆ ಬಿತ್ತು. ಇವತ್ತಿಗೂ ಆ ಕೈ ಮೇಲೆತ್ತಕ್ಕೆ ಆಗಲ್ಲ ಅವರಿಗೆ. ನಾಳೆ ಯಾರ ತಲೆ ಮೇಲೆ ಬೀಳ್ತದೋ. ಪ್ಲಾನ್ ನೀನೇ ಹಾಕ್ಕೊಡು. ಊರ ಮಗಳು ನೀನು."

ಊರ ಮಗಳು ಎಂಬ ಮಾತು ಅವಳ ಕಿವಿಯಲ್ಲಿ ಒಂದು ಕ್ಷಣ ನಿಂತಿತು. ಬಿಲ್ಲಗುಂಡಿಯಲ್ಲಿ ಅವಳ ಕೇರಿಯವರು ಗುಡಿಯ ಅಂಗಳದವರೆಗೆ ಹೋಗುತ್ತಿದ್ದರು, ಮೆಟ್ಟಿಲು ಹತ್ತುತ್ತಿರಲಿಲ್ಲ. ಈಗ ಯಾರೂ ಬೇಡವೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಯಾರೂ ಹೋಗುತ್ತಲೂ ಇರಲಿಲ್ಲ. ಪೂಜಾರಿ ತೀರ್ಥವನ್ನು ಹೊರಗೆ ತಂದು ಕೊಡುವ ಪದ್ಧತಿ ನಡೆದುಕೊಂಡು ಬಂದಿತ್ತು.

"ಮೊದಲು ಒಂದ್ಸಲ ನೋಡ್ತೀನಿ ಮೇಷ್ಟ್ರೇ," ಎಂದಳು. "ಒಳಗೆ ಹೋಗಿ ಅಳತೆ ತಗೋಬೇಕಾಗುತ್ತೆ."

ಮೇಷ್ಟ್ರು ಒಮ್ಮೆ ಮಾಲತೇಶನ ಕಡೆ ನೋಡಿದರು. "ಎಂಜಿನಿಯರ್ ಒಳಗೆ ಬರದೆ ಹೆಂಗಾಗ್ತದೆ? ಬಾ," ಎಂದರು.

*

ಹೀಗೆ ಅಳತೆಪಟ್ಟಿ ಹಿಡಿದು ಸಂಘಮಿತ್ರಾ ತನ್ನೂರಿನ ಗುಡಿಯೊಳಗೆ ಮೊದಲ ಬಾರಿಗೆ ಕಾಲಿಟ್ಟಳು.

ಹೊರಗಿನಿಂದ ಅದು ಕುಳ್ಳಗೆ, ಸುಣ್ಣ ಬಳಿದು ಬಳಿದು ಮೊಂಡಾದ ಕಟ್ಟಡ. ಒಳಗೆ ಬೇರೆಯೇ ಇತ್ತು. ನಡುವಿನ ನವರಂಗದಲ್ಲಿ ಕಪ್ಪು ಕಲ್ಲಿನ ನಾಲ್ಕು ಕಂಬಗಳು, ತಿರುಗಣೆಗೆ ಹಾಕಿ ಕಡೆದಂಥವು. ಕೊರಳು, ಹೊಟ್ಟೆ, ನಡು ಎಲ್ಲ ಗುಂಡಗೆ; ಅವಳು ಹತ್ತಿರ ಹೋದಾಗ ಹೊಳಪಿನಲ್ಲಿ ಅವಳ ಮುಖ ಉದ್ದುದ್ದ ಎಳೆದಂತೆ ಕಂಡಿತು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ಎಲ್ಲಿಯೂ ಗಾರೆ ಇಲ್ಲ. ಒಂದು ಕಲ್ಲು ಇನ್ನೊಂದರ ಮೇಲೆ ಬರೀ ತನ್ನ ತೂಕದಿಂದಲೇ ಕೂತಿತ್ತು. ಗೋಡೆಯಲ್ಲಿ ತೂತು ತೂತಾಗಿ ಕೆತ್ತಿದ ಕಲ್ಲಿನ ಕಿಟಕಿಯಿಂದ ಬೆಳಕು ಚೂರಾಗಿ ನೆಲಕ್ಕೆ ಬೀಳುತ್ತಿತ್ತು. ಬಳ್ಳಿಗಾವಿಯ ಗುಡಿಗಳನ್ನು ಕಟ್ಟಿದ ಕಾಲದ್ದೇ ಕೈ ಇದು, ಸಣ್ಣ ಊರಿಗೆ ತಕ್ಕಂತೆ ಸಣ್ಣದಾಗಿ ಮಾಡಿದ್ದಾರೆ ಎಂದುಕೊಂಡಳು.

ಬಿರುಕು ಎಡಗಡೆಯ ತೊಲೆಯಲ್ಲಿತ್ತು. ಕೆಳಗಿನಿಂದ ಮೇಲಕ್ಕೆ, ನಟ್ಟನಡುವೆ. ಕಂಬಗಳಿಗೆ ಲಂಬಗುಂಡು ಇಳಿಬಿಟ್ಟು ನೋಡಿದಳು. ಒಂದೂ ವಾಲಿರಲಿಲ್ಲ. ಪಾಯ ಗಟ್ಟಿಯಾಗಿತ್ತು. ಹಾಗಾದರೆ ತೊಲೆ ಯಾಕೆ ಬಿರಿಯಿತು?

ಏಣಿ ತರಿಸಿ ಚಾವಣಿ ಹತ್ತಿದಳು. ಅಲ್ಲಿ ಕಲ್ಲೇ ಕಾಣಲಿಲ್ಲ. ಮೇಲೆ ಬಿರಿದ ಸಿಮೆಂಟು. ಅದನ್ನು ಒಂದು ಮೂಲೆಯಲ್ಲಿ ಹಾರೆಯಿಂದ ಎಬ್ಬಿಸಿದರೆ ಕೆಳಗೆ ಸುಣ್ಣದ ಗಚ್ಚು. ಗಚ್ಚಿನ ಕೆಳಗೆ ಇಟ್ಟಿಗೆ ಚೂರು, ಮಣ್ಣು. ಮಣ್ಣಿನೊಳಗೆ ಆಲದ ಬೇರು. ತೊಡೆಮಟ್ಟ ಅಗೆದ ಮೇಲೆ ಮೂಲ ಹಾಸುಗಲ್ಲು ಸಿಕ್ಕಿತು. ಎರಡು ಹಾಸುಗಲ್ಲು ಸೇರುವ ಕಡೆ ಸಂದಿನ ಮೇಲೆ ಬೋರಲು ಹಾಕಿದ ನಾಡಹೆಂಚಿನಂಥ ಉದ್ದನೆಯ ಕಲ್ಲೊಂದನ್ನು ಕೂರಿಸಿದ್ದರು. ಬಿದ್ದ ನೀರು ಸಂದಿಗೆ ಇಳಿಯದೆ ಆಚೀಚೆ ಹರಿದು ಸೂರಿನಿಂದ ಹೊರಗೆ ಹೋಗಲಿ ಎಂದು.

ಅವಳಿಗೆ ಎಲ್ಲ ಅರ್ಥವಾಯಿತು. ಯಾವುದೋ ಕಾಲದಲ್ಲಿ ಒಂದು ಕಲ್ಲು ಸರಿದು ಸೋರಿದೆ. ಅದನ್ನು ಸರಿಸಿ ಕೂರಿಸುವ ಬದಲು ಮೇಲೆ ಮಣ್ಣು ಹಾಕಿದ್ದಾರೆ. ಮತ್ತೆ ಸೋರಿದೆ, ಗಚ್ಚು ಹಾಕಿದ್ದಾರೆ. ಮತ್ತೆ ಸೋರಿದೆ, ಸಿಮೆಂಟು ಹಾಕಿದ್ದಾರೆ. ಪ್ರತಿ ತಲೆಮಾರಿನವರೂ ಭಕ್ತಿಯಿಂದಲೇ ಒಂದೊಂದು ಪದರ ಹೇರಿ ಹೋಗಿದ್ದಾರೆ. ಗುಡಿ ಮುದಿಯಾಗಿ ಬೀಳುತ್ತಿರಲಿಲ್ಲ, ತಲೆಯ ಮೇಲಿನ ಹೊರೆ ತಾಳದೆ ಬೀಳುತ್ತಿತ್ತು.

ಕೆಳಗಿಳಿದು ಮೇಷ್ಟ್ರಿಗೆ ಹೇಳಿದಳು: "ಇದನ್ನ ಕೆಡವೋ ನಕ್ಷೆ ನಾನು ಬರಿಯಲ್ಲ. ಭಾರ ಇಳಿಸಿದ್ರೆ ಗುಡಿ ನಿಲ್ಲುತ್ತೆ."

*

ಸಮಿತಿಯ ಸಭೆ ಅಂಗಳದ ಬೇವಿನ ಕಟ್ಟೆಯ ಹತ್ತಿರ ಸೇರಿತು. ಅವಳು ಕಂಡದ್ದನ್ನು ಹೇಳಿದಳು. ಜನರಿಗೆ ಒಪ್ಪಿಗೆಯಾಗಲಿಲ್ಲ. ಹೊಸ ಗುಡಿಯ ಆಸೆ ಮನಸ್ಸಿನಲ್ಲಿ ಕೂತಾಗಿತ್ತು: ಎತ್ತರದ ಗೋಪುರ, ಟೈಲ್ಸ್ ನೆಲ, ಮಗ್ಗುಲಿಗೆ ಮದುವೆ ಮಾಡುವಷ್ಟು ದೊಡ್ಡ ಹಾಲ್. ಸಮಿತಿಯ ಹಿರಿಯ ಹೂವಪ್ಪ ಎದ್ದು ನಿಂತು, "ಒಳಗೆ ಕಾಲಿಟ್ಟಿದ್ದೇ ಮೊನ್ನೆ. ಗುಡಿ ಹೆಂಗಿರಬೇಕು ಅಂತ ಇವತ್ತು ನಮಗೆ ಹೇಳ್ತಾಳೆ," ಎಂದರು.

ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನೆಲ ನೋಡಿದರು.

"ಹೌದು, ಕಾಲಿಟ್ಟಿದ್ದು ಮೊನ್ನೇನೇ," ಎಂದಳು ಸಂಘಮಿತ್ರಾ. ಅವಳ ದನಿ ಏರಲಿಲ್ಲ. "ಅದು ನನ್ನ ತಪ್ಪಲ್ಲ, ಕಾಕಾ. ತೊಲೆ ಮಾತ್ರ ಯಾರು ನೋಡಿದ್ರೂ ಬಿರಿದೇ ಇದೆ. ನಾನು ಹೇಳಿದ್ದು ಸುಳ್ಳಾದ್ರೆ ನಿಮ್ಮ ಕಣ್ಣಿಗೇ ಕಾಣೋ ಹಂಗೆ ಮಾಡ್ತೀನಿ."

ಮಾಲತೇಶ್ ತಂದುಕೊಟ್ಟ ತೆಳು ಗಾಜಿನ ಎರಡು ಪಟ್ಟಿಗಳನ್ನು ಬಿರುಕಿಗೆ ಅಡ್ಡವಾಗಿ ಗಾರೆಯಿಂದ ಅಂಟಿಸಿದಳು. ಬಿರುಕು ಒಂದು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆಯುತ್ತದೆ. "ಭಾರ ಹಿಂಗೇ ಇದ್ರೆ ಒಡೆಯುತ್ತೆ. ಇಳಿಸಿದ ಮೇಲೆ ಹೊಸ ಗಾಜು ಹಚ್ತೀನಿ. ಅದು ಒಡೆದ್ರೆ ನಾನೇ ನಿಂತು ಕೆಡವಿಸ್ತೀನಿ."

ಪೂಜೆಗೆ ಬಂದವರು ದೇವರಿಗೆ ಕೈ ಮುಗಿದು ಆಮೇಲೆ ತಲೆಯೆತ್ತಿ ಗಾಜು ನೋಡುವುದು ವಾಡಿಕೆಯಾಯಿತು. ಬೇಸಿಗೆಯ ಮೊದಲ ಅಡ್ಡಮಳೆ ಸುರಿದು ಚಾವಣಿಯ ಮಣ್ಣು ನೀರು ಕುಡಿದ ಮಾರನೆಯ ದಿನ ಎರಡು ಪಟ್ಟಿಗಳೂ ಒಡೆದಿದ್ದವು.

"ನೋಡಿದ್ರಾ? ಬೀಳ್ತಾ ಅದೆ!" ಎಂದು ಹೂವಪ್ಪ ಊರೆಲ್ಲ ಹೇಳಿಕೊಂಡು ಬಂದರು. ಜೆಸಿಬಿ ತರಿಸುವ ಮಾತೂ ಆಯಿತು. ಸಂಘಮಿತ್ರಾ ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತು, ಭಾರ ಇಳಿಸಿ ನೋಡಲು ಬಿಡಿ ಎಂದು ಪಟ್ಟು ಹಿಡಿದಳು. ಕೊನೆಗೆ ಮೇಷ್ಟ್ರು, "ಮುಂಗಾರು ಹಿಡಿಯೋವರೆಗೆ ಟೈಮು ಕೊಡಿಸ್ತೀನಿ. ಅದರ ಮೇಲೆ ನನ್ನ ಕೈಲಿ ಆಗಲ್ಲ," ಎಂದರು.

"ಒಂದು ಮಾತು ಮೇಷ್ಟ್ರೇ. ಭಾರ ಇಳಿಸೋಕೆ ನಮ್ಮ ಕೇರಿಯೋರೂ ಬರ್ತಾರೆ. ಬಂದೋರು ಬಾಗಿಲಲ್ಲೇ ಒಳಗೆ ಬರ್ತಾರೆ. ಕೆಲಸ ಮುಗಿದ ಮೇಲೂ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಅದು ನಾನೊಬ್ಬ ಹೇಳೋ ಮಾತಲ್ಲ," ಎಂದರು.

"ನೀವು ಬೇಡ ಅನ್ನದಿದ್ರೆ ಸಾಕು."

*

ನಿಜವಾದ ಜಗಳ ಮನೆಯಲ್ಲಿ ಕಾದಿತ್ತು. ಅಪ್ಪ ಹುಲಿಯಪ್ಪ ಮಗಳ ಮಾತನ್ನು ಪೂರ್ತಿ ಕೇಳಲೂ ಇಲ್ಲ.

"ಎಂತಕ್ಕೆ ಉಳಿಸ್ತಿ ಅದನ್ನ? ನಿನ್ನಜ್ಜಿ ಜೀವ ಇರೋವರೆಗೂ ಆ ಅಂಗಳದ ಬಿಸಿಲಲ್ಲಿ ನಿಂತು ಕೈ ಮುಗಿದ್ಲು. ಬೀಳ್ಲಿ ಬಿಡು. ಹೊಸ ಗುಡಿಗೆ ನಾವೂ ಕಲ್ಲು ಮಣ್ಣು ಹೊರೋದು ಅಂತ ಮಾತಾಗಿದೆ. ನಾವು ಹೊತ್ತು ಕಟ್ಟಿದ ಗುಡಿಯಿಂದ ನಮ್ಮನ್ನ ಯಾವನು ತಡೀತಾನೆ? ಎಲ್ಲ ಒಂದು ದಾರಿಗೆ ಬರೋ ಹೊತ್ತಲ್ಲಿ ನೀನು ಅಡ್ಡ ನಿಂತೀಯಲ್ಲೇ."

ಈ ಮಾತು ಅವಳಿಗೆ ಚುಚ್ಚಿತು, ಯಾಕೆಂದರೆ ಅದರಲ್ಲಿ ನ್ಯಾಯವಿತ್ತು. ಹುಲಿಯಪ್ಪ ದೇವರನ್ನು ನಂಬುವವನಲ್ಲ. ಮಗಳಿಗೆ ಸಂಘಮಿತ್ರಾ ಎಂದು ಹೆಸರಿಟ್ಟವನು, ಮನೆಯಲ್ಲಿ ಬುದ್ಧನ ಪಟ ತೂಗುಹಾಕಿದವನು. ಗುಡಿಯೊಳಗೆ ಹೋಗಿ ಕೈ ಮುಗಿಯುವುದು ಅವನಿಗೆ ಬೇಕಿರಲಿಲ್ಲ. ಹೋಗುವ ಹಕ್ಕು ಬೇಕಿತ್ತು.

ಅಪ್ಪನ ತಟ್ಟೆಗೆ ಅನ್ನ ಬಡಿಸುತ್ತ ಅವಳು ಕೇಳಿದಳು: "ಅಪ್ಪಾ, ಈ ಹಳೇ ಗುಡಿಗೆ ಕಲ್ಲು ಹೊತ್ತೋರು ಯಾರಿರಬೌದು?"

"ಯಾರೋ."

"ನಮ್ಮಂಥೋರೇ ಅಲ್ವಾ? ಬಂಡೆ ಸೀಳಿ, ಎಳ್ಕೊಂಡು ಬಂದು, ಮೇಲೇರಿಸಿದ್ರಲ್ಲ, ಅವರನ್ನ ಆಮೇಲೆ ಒಳಗೆ ಬಿಟ್ರಾ? ಹೊತ್ತು ಕಟ್ಟಿದ್ದಕ್ಕೆ ಹಕ್ಕು ಬರೋದಾಗಿದ್ರೆ ಅದು ಆವಾಗ್ಲೇ ಬರಬೇಕಿತ್ತು. ಸಿಮೆಂಟಿನ ಬಾಗಿಲಲ್ಲೂ ಇದೇ ಜನಾನೇ ನಿಲ್ಲೋದು. ಅಜ್ಜೀನ ಯಾವ ಬಾಗಿಲಲ್ಲಿ ನಿಲ್ಲಿಸಿದ್ರೋ ಅದೇ ಬಾಗಿಲಲ್ಲಿ ನಾವು ಒಳಗೆ ಹೋಗಬೇಕು. ಆ ಬಾಗಿಲನ್ನೇ ಕೆಡವಿಬಿಟ್ರೆ ಎಲ್ಲಿ ಹೋಗೋದು?"

ಹುಲಿಯಪ್ಪ ತಟ್ಟೆಯಲ್ಲಿದ್ದ ಅನ್ನ ಮುಗಿಸಿ, ಕೈ ತೊಳೆದು, ಹಿತ್ತಿಲಿಗೆ ಹೋದ. ಬೆಳಿಗ್ಗೆ ಅವಳು ಎದ್ದಾಗ ಅವನು ಹಾರೆಯ ತುದಿಯನ್ನು ಕಲ್ಲಿಗೆ ಉಜ್ಜುತ್ತಿದ್ದ.

"ನಿನ್ನ ಮಾತಿಗೆ ಬರ್ತಿದೀನಿ," ಎಂದ. "ಆ ಗುಡಿಗಲ್ಲ."

*

ಚಾವಣಿಯ ಮೇಲೆ ಹಾರೆ ಬೀಳುವ ಮೊದಲು ಬಿರಿದ ತೊಲೆಗೆ ಕೆಳಗಿನಿಂದ ಆಸರೆ ಕೊಡಬೇಕಿತ್ತು. ಅಲುಗಾಟಕ್ಕೆ ತೊಲೆ ಎರಡಾದರೆ ಹಾಸುಗಲ್ಲೆಲ್ಲ ಒಳಕ್ಕೆ ಕುಸಿಯುತ್ತಿತ್ತು. ಸೆಂಟ್ರಿಂಗಿನ ಕಬ್ಬಿಣದ ಕಂಬಗಳು ಈ ತೂಕಕ್ಕೆ ಸಾಲವು ಎಂದು ಸಂಘಮಿತ್ರಾ ಮರದ ದಪ್ಪ ದಿಮ್ಮಿಗಳನ್ನು ತರಿಸಿದ್ದಳು. ಹೊಸ ಗುಡಿಯ ಕೆಲಸ ಕೈತಪ್ಪಿದ್ದಕ್ಕೆ ಮಾಲತೇಶ್‌ಗೆ ಬೇಸರವಿತ್ತು. ಆದರೂ ದಿಮ್ಮಿಗಳನ್ನು ಅವನೇ ಟ್ರ್ಯಾಕ್ಟರಿನಲ್ಲಿ ತಂದಿಳಿಸಿದ. "ಏನ್ ಮಾಡೋದ್ರಿ ಮೇಡಂ, ನಿಮ್ ಜೋಡಿ ಇನ್ನೂ ಕೆಲಸ ಐತಿ ನಮಗ," ಎಂದ.

ಹುಲಿಯಪ್ಪನೂ ಕೇರಿಯ ನಾಲ್ಕಾರು ಗಂಡಸರು ಹೆಂಗಸರೂ ಬಂದಿದ್ದರು. ಮೇಲಿನ ಬೀದಿಯ ಕೆಲವು ಯುವಕರೂ ಇದ್ದರು. ಸಂಘಮಿತ್ರಾ ನವರಂಗದಲ್ಲಿ ನಿಂತು ದಿಮ್ಮಿ ಕೂರುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದಳು. ಹೊರಗೆ ಹುಲಿಯಪ್ಪ ದಿಮ್ಮಿಯ ಒಂದು ತುದಿಗೆ ಹೆಗಲು ಕೊಟ್ಟು ಮೆಟ್ಟಿಲಿನ ಬಳಿ ಬಂದಾಗ ಹೂವಪ್ಪ ಎದುರಿಗೆ ಬಂದರು.

"ಅಲ್ಲೇ ಇಳಿಸು ಹುಲಿಯಪ್ಪ. ಒಳಗೆ ನಮ್ಮ ಹುಡುಗ್ರು ತಗೊಂಡು ಹೋಗ್ತಾರೆ."

ಬೈಗುಳವಲ್ಲ, ಕೂಗಾಟವಲ್ಲ. ದಿನವೂ ಹೇಳುವ ಮಾತಿನಂತೆ ಹೇಳಿದರು. ಹುಲಿಯಪ್ಪ ನಿಂತ. ದಿಮ್ಮಿ ಹೆಗಲ ಮೇಲೆಯೇ ಇತ್ತು.

ಸಂಘಮಿತ್ರಾ ಒಳಗಿನಿಂದ ಇದನ್ನು ಕೇಳಿದಳು. ಕೈಯಲ್ಲಿದ್ದ ಸೀಮೆಸುಣ್ಣವನ್ನು ಕಂಬದ ಬುಡದಲ್ಲಿಟ್ಟು ಹೊರಗೆ ಬಂದಳು. ಮೆಟ್ಟಿಲಿಳಿದು ಅಂಗಳದಲ್ಲಿ ಅಪ್ಪನ ಪಕ್ಕ ನಿಂತಳು.

"ದಿಮ್ಮಿ ಇಳಿಸಪ್ಪ. ಎಲ್ಲರೂ ಕೆಲಸ ನಿಲ್ಲಿಸಿ," ಎಂದಳು. ಆಮೇಲೆ ಹೂವಪ್ಪನವರ ಕಡೆ ತಿರುಗಿ: "ನಮ್ಮಪ್ಪ ಇಲ್ಲಿ ನಿಲ್ಲೋದಾದ್ರೆ ನಾನೂ ಇಲ್ಲೇ ನಿಲ್ತೀನಿ ಕಾಕಾ. ದಿಮ್ಮಿ ಎಲ್ಲಿ ಕೂರಿಸಬೇಕು, ಎಷ್ಟು ಬಿಗಿ ಮಾಡಬೇಕು ಅಂತ ಇಲ್ಲಿಂದ ಹೇಳಕ್ಕೆ ಬರಲ್ಲ. ತಪ್ಪಾದ್ರೆ ಒಳಗಿದ್ದೋರ ಮೇಲೆ ಕಲ್ಲು ಬೀಳುತ್ತೆ. ಆ ಪಾಪ ನನಗೆ ಬೇಡ."

"ಹೆದರಿಸ್ತೀಯಾ?"

"ಇಲ್ಲ. ಕಾಯ್ತೀನಿ."

ಅವಳು ದಿಮ್ಮಿಯ ಮೇಲೆ ಕೂತಳು. ಹುಲಿಯಪ್ಪ ಪಕ್ಕದಲ್ಲಿ ಕೂತ. ಕೇರಿಯ ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು. ಪಡುವಣ ದಿಕ್ಕಿನಲ್ಲಿ ಮೋಡ ದಟ್ಟವಾಗುತ್ತಿತ್ತು. ಮೇಲಿನ ಬೀದಿಯ ಯುವಕರು ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಒಬ್ಬ ದಿಮ್ಮಿಯ ಹತ್ತಿರ ಬಂದು ಕೂತ, ಇನ್ನೊಬ್ಬ ಬಂದ. ಬಿಸಿಲು ನೆತ್ತಿಗೇರಿ ಇಳಿಯಿತು. ಯಾರೂ ಊಟಕ್ಕೆ ಎದ್ದು ಹೋಗಲಿಲ್ಲ. ಪೂಜಾರಿಯ ಹೆಂಡತಿ ಒಂದು ಕೊಡ ಮಜ್ಜಿಗೆ ತಂದು ಅಂಗಳದಲ್ಲಿಟ್ಟರು. ಎಲ್ಲರೂ ಕುಡಿದರು.

ಬಂಗಾರಪ್ಪ ಮೇಷ್ಟ್ರು ಅಷ್ಟು ಹೊತ್ತೂ ಮುಖಮಂಟಪದ ಕಲ್ಲುಜಗಲಿಯ ಮೇಲೆ ಕೂತಿದ್ದರು. ಒಂದು ಸಲ ಒಳಗೆ ಹೋಗಿ ತೊಲೆ ನೋಡಿ ಬಂದರು. ಒಂದು ಸಲ ಆಕಾಶ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಮೆಟ್ಟಿಲಿಳಿದರು. ದಿಮ್ಮಿಯ ಮುಂದಿನ ತುದಿಗೆ ಬಂದು ಬಗ್ಗಿದರು.

"ಏಳಮ್ಮ, ಜಾಗ ಬಿಡು. ಹುಲಿಯಪ್ಪ, ಹಿಂದಿನ ತುದಿ ನೀನು ಹಿಡಿ."

"ನಿಮ್ ಕೈಲಾಗಲ್ಲ ಮೇಷ್ಟ್ರೇ, ಭಾರ ಐತೆ," ಎಂದ ಹುಲಿಯಪ್ಪ.

"ಗೊತ್ತು. ಹಿಡಿ."

ಇಬ್ಬರೂ ಎತ್ತಿದರು. ಮೊದಲ ಮೆಟ್ಟಿಲಿನಲ್ಲೇ ದಿಮ್ಮಿ ಮೇಷ್ಟ್ರ ಕಡೆಗೆ ಜಗ್ಗಿತು. ಮಾಲತೇಶ್ ಓಡಿ ಬಂದು ನಡುವೆ ಹೆಗಲು ಕೊಟ್ಟ. ಬಾಗಿಲಿನ ಎದುರು ಹೂವಪ್ಪ ಇನ್ನೂ ನಿಂತಿದ್ದರು. ಮೇಷ್ಟ್ರು ಏದುಸಿರಿನಲ್ಲೇ, "ಹೂವಪ್ಪಾ, ಆಚೆ ಸರಿ ಮಾರಾಯ. ನನ್ನ ಹೆಗಲು ಹೋಗ್ತಾ ಅದೆ," ಎಂದರು. ಹೂವಪ್ಪ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, ಚಪ್ಪಲಿ ಮೆಟ್ಟಿಕೊಂಡು ಮನೆಯ ದಾರಿ ಹಿಡಿದರು.

ದಿಮ್ಮಿ ಹೊಸ್ತಿಲು ದಾಟಿತು. ಅದರ ಹಿಂದಿನ ತುದಿ ಹೊತ್ತಿದ್ದ ಹುಲಿಯಪ್ಪನೂ ದಾಟಿದ. ತಲೆ ತಗ್ಗಿಸಲಿಲ್ಲ. ತಗ್ಗಿಸಲು ಹೆಗಲ ಮೇಲಿನ ಮರ ಬಿಡಲೂ ಇಲ್ಲ.

"ಇನ್ನೂ ಎಡಕ್ಕೆ," ಎಂದು ಸಂಘಮಿತ್ರಾ ಅವರ ಹಿಂದೆಯೇ ಓಡಿ ಬಂದಳು. "ಗುರುತಿನ ಮೇಲೆ ಬರಲಿ. ಹಾಂ, ಅಲ್ಲೇ. ನಿಧಾನ ಅಪ್ಪಾ, ನಿಧಾನ."

ದಿಮ್ಮಿಯನ್ನು ಎತ್ತಿ ನಿಲ್ಲಿಸಿ, ಮೇಲೆ ಹಲಗೆ ಕೊಟ್ಟು, ಬುಡಕ್ಕೆ ಎರಡೂ ಕಡೆಯಿಂದ ಬೆಣೆ ಬಡಿದರು. ತೊಲೆ ಸಣ್ಣಗೆ ಕಿರುಗುಟ್ಟಿ, ಆಸರೆ ಸಿಕ್ಕಿದ್ದೇ ಸುಮ್ಮನಾಯಿತು. ಎಲ್ಲರೂ ಉಸಿರು ಬಿಟ್ಟರು. ಕೆಲಸ ಮುಗಿಸಿದ ಹುಲಿಯಪ್ಪ ಕಂಬವೊಂದನ್ನು ಅಂಗೈಯಿಂದ ಸವರಿ ನೋಡಿದ. "ಎಷ್ಟು ತಣ್ಣಗೈತೆ," ಎಂದ, ಯಾರಿಗೂ ಅಲ್ಲ ಎಂಬಂತೆ.

*

ಅಲ್ಲಿಂದ ಮುಂದೆ ಕೆಲಸ ಒಂದೇ ಸಮನೆ ನಡೆಯಿತು. ಸಿಮೆಂಟನ್ನು ಸುತ್ತಿಗೆಯಿಂದ ಹೊಡೆದರೆ ಕಲ್ಲು ಅದುರುತ್ತದೆ ಎಂದು ಸಂಘಮಿತ್ರಾ ಚಾಣದಿಂದ ಬಿಡಿಸಿ ಬಿಡಿಸಿ ತೆಗೆಸಿದಳು. ಎರಡೂ ಬದಿಯಿಂದ ಸಮಸಮ ಇಳಿಸಬೇಕು, ಒಂದು ಕಡೆ ಹಗುರಾಗಿ ಇನ್ನೊಂದು ಕಡೆ ಭಾರವಾಗಬಾರದು ಎಂದು ಮೇಲೆಯೇ ನಿಂತು ಕಾವಲು ಕಾದಳು. ಬುಟ್ಟಿಗಳು ಕೈಯಿಂದ ಕೈಗೆ ಸಾಗಿದವು. ಆ ಸಾಲಿನಲ್ಲಿ ಯಾವ ಬೀದಿಯವರ ಪಕ್ಕ ಯಾವ ಬೀದಿಯವರು ನಿಂತಿದ್ದಾರೆಂದು ಮೊದಮೊದಲು ನೋಡಿಕೊಳ್ಳುತ್ತಿದ್ದರು. ಬುಟ್ಟಿಗಳ ರಭಸಕ್ಕೆ ಆಮೇಲೆ ಅದು ಮರೆತುಹೋಯಿತು. ತೆಗೆದ ಮಣ್ಣು ಅಂಗಳದಲ್ಲಿ ಎಷ್ಟೆತ್ತರ ಬೆಳೆಯಿತೆಂದರೆ, ಇಷ್ಟನ್ನೂ ಆ ಗುಡಿ ಹೊತ್ತಿತ್ತೇ ಎಂದು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು.

ಸರಿದಿದ್ದ ಸಂದುಗಲ್ಲನ್ನು ಎತ್ತಿ ಮತ್ತೆ ಕೂರಿಸಿ, ಸುಣ್ಣದ ಗಾರೆ ತುಂಬಿದರು. ಆಲದ ಬೇರನ್ನು ಬುಡಸಮೇತ ತೆಗೆದರು. ಸಂಘಮಿತ್ರಾ ಬಿರುಕಿಗೆ ಹೊಸ ಗಾಜು ಅಂಟಿಸಿದಳು.

ಮುಂಗಾರಿನ ಮೊದಲ ದೊಡ್ಡ ಮಳೆ ಮಧ್ಯಾಹ್ನವೇ ಹಿಡಿಯಿತು. ಅವಳು ಆಗ ಊರಲ್ಲೇ ಇದ್ದಳು. ಕೊಡೆಯಿಲ್ಲದೆ ಓಡಿ ಗುಡಿ ಸೇರಿದಾಗ ಮೇಷ್ಟ್ರೂ ಪೂಜಾರಿಯೂ ಆಗಲೇ ತಲೆಯೆತ್ತಿ ನಿಂತಿದ್ದರು. ಸೂರಿನ ಸುತ್ತ ನೀರು ಪರದೆಯಂತೆ ಹೊರಕ್ಕೆ ಸುರಿಯುತ್ತಿತ್ತು. ಒಳಗೆ ವಾಯವ್ಯದ ಮೂಲೆಯಲ್ಲಿ ಮಾತ್ರ ಒಂದು ಕಡೆ ತೊಟ್ಟಿಕ್ಕುತ್ತಿತ್ತು.

"ಅಲ್ಲಿ ಗಾರೆ ಸಾಲದಾಯ್ತು. ಮಳೆ ಬಿಟ್ಟ ಮೇಲೆ ಮಾಡಿಸ್ತೀನಿ," ಎಂದಳು. ಏಣಿ ಹತ್ತಿ ಟಾರ್ಚ್ ಹಾಕಿ ನೋಡಿದಳು. ಗಾಜು ಇಡಿಯಾಗಿತ್ತು. ಮಳೆಗಾಲ ಮುಗಿಯುವವರೆಗೂ ಇಡಿಯಾಗಿಯೇ ಉಳಿಯಿತು.

ನವರಾತ್ರಿಯ ಹೊತ್ತಿಗೆ ದಿಮ್ಮಿ ತೆಗೆದು ಆ ಜಾಗದಲ್ಲಿ ಒಂದು ಕಲ್ಲಿನ ಕಂಬ ನಿಲ್ಲಿಸಿದರು. ಉಳಿದವುಗಳಂತೆಯೇ ಗುಂಡಗೆ, ಬಳೆ ಬಳೆಯಾಗಿ ಕೆತ್ತಿಸೋಣ ಎಂದು ಸಮಿತಿಯವರು ಆಸೆಪಟ್ಟರು. ಸಂಘಮಿತ್ರಾ ಒಪ್ಪಲಿಲ್ಲ. "ಚೌಕಕ್ಕೇ ಇರಲಿ. ಇದು ನಾವು ಹಾಕಿದ್ದು ಅಂತ ನೋಡಿದೋರಿಗೆ ಗೊತ್ತಾಗಲಿ," ಎಂದಳು. ಚೌಕದ ಕಂಬವೇ ನಿಂತಿತು. ಮದುವೆಯ ಹಾಲ್ ಬೇಕೆಂದವರಿಗೆ ಅಂಗಳದಾಚೆ ತಗಡಿನ ಚಪ್ಪರದ ನಕ್ಷೆ ಬರೆದುಕೊಟ್ಟಳು, ಅದನ್ನು ಮಾಲತೇಶನೇ ಕಟ್ಟಿದ.

ಕಂಬ ನಿಂತ ಮೇಲಿನ ಮೊದಲ ಸೋಮವಾರದ ಪೂಜೆಗೆ ಕೇರಿಯಿಂದ ಕೆಲವರು ಒಳಗೆ ಹೋದರು. ಎಲ್ಲರೂ ಹೋಗಲಿಲ್ಲ. ಒಬ್ಬ ಮುದುಕಿ ಅಂಗಳದಲ್ಲೇ ನಿಂತಳು, ಕಾಲು ಬರಲೊಲ್ಲವು ಎಂದಳು. ಹೂವಪ್ಪ ಆ ದಿನ ಕಾಣಲಿಲ್ಲ; ಚಂದ್ರಗುತ್ತಿಗೆ ಪೂಜೆಗೆ ಹೋಗಿದ್ದಾರೆ ಎಂದರು ಯಾರೋ. ಅವರ ಹೆಂಡತಿ ಮಾತ್ರ ಬಂದಿದ್ದರು. ಕೇರಿಯ ಹೆಂಗಸರ ಪಕ್ಕದಲ್ಲಿ, ಒಂದು ಮೊಳ ದೂರ ಬಿಟ್ಟು ನಿಂತರು. ಆರತಿ ತಟ್ಟೆ ಬಂದಾಗ ತಾವು ತೆಗೆದುಕೊಂಡು ಮುಂದಕ್ಕೆ ದಾಟಿಸಿದರು.

ಹುಲಿಯಪ್ಪ ಕೈ ಮುಗಿಯಲಿಲ್ಲ, ತೀರ್ಥಕ್ಕೂ ಕೈಯೊಡ್ಡಲಿಲ್ಲ. ಎದೆಯ ಮೇಲೆ ಕೈ ಕಟ್ಟಿಕೊಂಡು ನವರಂಗದ ನಡುವೆ ನಿಂತು ಮೇಲಿನ ಕೆತ್ತನೆಯನ್ನು ಒಂದೊಂದಾಗಿ ನೋಡಿದ. ಯಾರೂ ಅವನನ್ನು ಏನೂ ಕೇಳಲಿಲ್ಲ.

ಸಂಘಮಿತ್ರಾ ಶಿಕಾರಿಪುರದ ಕೆಲಸಕ್ಕೆ ಮರಳಿದಳು. ಕೆಲವು ವಾರಗಳ ನಂತರ ಹೊಸಬಾಳೆಯ ಕಡೆಯಿಂದ ಒಬ್ಬರು ಫೋನ್ ಮಾಡಿ, ತಮ್ಮೂರಲ್ಲೂ ಇಂಥದೇ ಒಂದು ಹಳೆಯ ಗುಡಿ ಇದೆ, ಗೋಡೆ ಉಬ್ಬಿದೆ, ಒಮ್ಮೆ ಬಂದು ನೋಡಬಹುದೇ ಎಂದು ಕೇಳಿದರು.

"ಬರ್ತೀನ್ರೀ," ಎಂದಳು. "ಅದಕ್ಕೆ ಮೊದಲು ಒಂದು ವಿಷಯ ಹೇಳಿ. ಒಳಗೆ ಯಾರ್ಯಾರು ಹೋಗ್ತಾರೆ?"

ಅವಳು ಫೋನ್ ಕಿವಿಯಿಂದ ತೆಗೆಯದೆ ಉತ್ತರಕ್ಕೆ ಕಾದಳು.